ಚೀಟಿಯಲ್ಲಿದ್ದ ಕರೆಂಟಣ್ಣ

2024ರ ಜುಲೈ. ಮಳೆಗೆ ರಜೆ, ಒಂದು ದಿನ ಶಾಲೆ, ಮತ್ತೆ ರಜೆ. ಹೀಗೆ ನಡೆದಿತ್ತು ನಮ್ಮ ಕಥೆ. ಆಗಸ್ಟ್ 15ರ ಭಾಷಣ ಸ್ಪರ್ಧೆಗೆ ಮಕ್ಕಳನ್ನು ಆರಿಸಬೇಕಿತ್ತು. ವಿಷಯ ಪ್ರತಿ ವರ್ಷದ್ದೇ: ‘ನನ್ನ ಆದರ್ಶ ವ್ಯಕ್ತಿ’. ಒಂಬತ್ತನೇ ಕ್ಲಾಸಿಗೆ ಹೋಗಿ ಹಾಳೆಗಳನ್ನು ಅರ್ಧ ಅರ್ಧ ಹರಿದು ಹಂಚಿದೆ. ಒಂದು ಹೆಸರು ಬರೀರಿ, ಯಾಕೆ ಅಂತ ನಾಲ್ಕು ಸಾಲು ಬರೀರಿ ಅಂದೆ. ಹಂಚಿನ ಮೇಲೆ ಮಳೆ ಎಷ್ಟು ಜೋರಾಗಿತ್ತು ಅಂದರೆ, ಇದನ್ನೇ ಮೂರು ಸಲ ಕೂಗಿ ಹೇಳಬೇಕಾಯಿತು.

ನಾನು ಕೊಡಗಿನ ಸೋಮವಾರಪೇಟೆ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನಮ್ಮಲ್ಲಿ ಸಣ್ಣ ತೋಟದವರ ಮಕ್ಕಳಿದ್ದಾರೆ, ಅದಕ್ಕಿಂತ ಜಾಸ್ತಿ ಲೈನ್‌ಮನೆ, ಅಂದರೆ ಕಾಫಿ ತೋಟದ ಕೂಲಿಯವರ ಸಾಲುಮನೆಗಳ ಮಕ್ಕಳಿದ್ದಾರೆ. ಸ್ವಲ್ಪ ಅನುಕೂಲ ಇರುವವರ ಮಕ್ಕಳು ಬೆಳಗ್ಗೆ ಹಳದಿ ಬಸ್ಸಿನಲ್ಲಿ ನಮ್ಮ ಗೇಟಿನ ಮುಂದೆಯೇ ದಾಟಿ ಹೋಗುತ್ತಾರೆ. ಇಲ್ಲಿ ಬರೆಯುತ್ತಿರುವುದು ಒಬ್ಬ ಹುಡುಗನ ಪ್ರಕರಣ. ಅವನ ಅಪ್ಪ ಅಮ್ಮನಿಗೆ ಓದಿ ಹೇಳಿ, ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಬೇಡ.

ಮೊದಲ ಚೀಟಿ

ಬಂದದ್ದು 31 ಚೀಟಿ. ಹನ್ನೊಂದರಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ. ಜನರಲ್ ತಿಮ್ಮಯ್ಯ ಮೂರರಲ್ಲಿ. ಆಮೇಲೆ ಅಬ್ದುಲ್ ಕಲಾಂ, ಪುನೀತ್, ಕೊಹ್ಲಿ, ಯಶ್. ಹೆಣ್ಣು ಮಕ್ಕಳಲ್ಲಿ ನಾಲ್ಕು ಜನ ರಶ್ಮಿಕಾ ಮಂದಣ್ಣ ಅಂತ ಬರೆದಿದ್ದರು. ‘ನಮ್ಮ ವಿರಾಜಪೇಟೆಯವರು’ ಅನ್ನೋದೇ ಮೊದಲ ಕಾರಣ. ಒಬ್ಬಳು ‘ಅಮ್ಮ’ ಅಂತ ಬರೆದು ಅಳಿಸಿ, ಅದರ ಮೇಲೆ ‘ಮದರ್ ತೆರೇಸಾ’ ಅಂತ ಬರೆದಿದ್ದಳು. ಅಳಿಸಿದ ಗುರುತು ಹಾಗೇ ಇತ್ತು. ಟೆನಿಸ್ಸಿನ ರೋಹನ್ ಬೋಪಣ್ಣ ಒಂದೇ ಚೀಟಿಯಲ್ಲಿ. ಅದೇ ಜನವರಿಯಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ಡಬಲ್ಸ್‌ನಲ್ಲಿ ಜಗತ್ತಿಗೇ ಒಂದನೇ ನಂಬರ್ ಆದವರು. ಮನೆಯವರ ಕಾಫಿ ತೋಟ ಇದೇ ಮಾದಾಪುರದ ಕಡೆ. ಆದರೂ ಒಂದೇ ಚೀಟಿ!

ಕಾರ್ಯಪ್ಪನವರ ಹನ್ನೊಂದು ಚೀಟಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಎಲ್ಲದರಲ್ಲೂ ಅದೇ ಸಾಲುಗಳು. 1899ರ ಜನವರಿ 28ರಂದು ಹುಟ್ಟಿದರು. 1949ರ ಜನವರಿ 15ರಂದು ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ದಂಡನಾಯಕರಾದರು. 1986ರಲ್ಲಿ ಫೀಲ್ಡ್ ಮಾರ್ಷಲ್. ಒಂದೂ ತಪ್ಪಿಲ್ಲ. ಪರೀಕ್ಷೆಯಾಗಿದ್ದರೆ ಪೂರ್ತಿ ಮಾರ್ಕ್ಸ್ ಕೊಡಬೇಕಿತ್ತು. ಅಲ್ಲೇ ನನಗೆ ಅನುಮಾನ ಬಂತು. ಮಕ್ಕಳು ನನಗೆ ಆದರ್ಶ ವ್ಯಕ್ತಿಯ ಹೆಸರು ಕೊಟ್ಟಿರಲಿಲ್ಲ, ಸರಿಯುತ್ತರ ಕೊಟ್ಟಿದ್ದರು. ಕೊಡಗಿನಲ್ಲಿ ಆ ಪ್ರಶ್ನೆಗೆ ಸರಿಯುತ್ತರ ಯಾವುದು ಅಂತ ಒಂದನೇ ಕ್ಲಾಸಿನಿಂದಲೇ ಎಲ್ಲರಿಗೂ ಗೊತ್ತು, ಅಲ್ವಾ?

ಆ ಕಟ್ಟಿನ ಕೊನೆಯಲ್ಲಿದ್ದ ಚೀಟಿ ಇದು. ಇದ್ದ ಹಾಗೇ ಕೊಡುತ್ತೇನೆ.

‘ಕರೆಂಟಣ್ಣ. ನಮ್ಮ ಮನೆ ಹತ್ರ ಲೈನಿನ ಮೇಲೆ ಸಿಲ್ವರ್ ಮರ ಬಿದ್ದಾಗ ಅವರು ಬಂದರು. ಪೂರ್ತಿ ಒದ್ದೆ ಆಗಿದ್ದರು. ಅಮ್ಮ ಕಾಫಿ ಕೊಟ್ಟರೆ ಕುಡಿಯಲಿಲ್ಲ. ಇನ್ನೂ ನಾಲ್ಕು ಕಡೆ ಇದೆ ಅಂದರು.’

ನಾನು ಇದನ್ನು ಗಟ್ಟಿಯಾಗಿ ಓದಿದೆ. ಕ್ಲಾಸು ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ ‘ಏಯ್ ಲೈನ್‌ಮ್ಯಾನ್’ ಅಂತ ಕೂಗಿದರು. ನಾನೂ ನಕ್ಕೆ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ‘ಭಾಷಣಕ್ಕೆ ಆಗಲ್ಲ ಕಣೋ, ಯಾರಾದರೂ ದೊಡ್ಡವರ ಹೆಸರು ಬರೆದು ತಾ’ ಅಂದೆ. ಹುಡುಗ ಚೀಟಿ ವಾಪಸ್ ತಗೊಂಡ. ಮರುದಿನ ಕಾರ್ಯಪ್ಪನವರ ಬಗ್ಗೆ ನಾಲ್ಕು ಸಾಲು ಬರೆದು ತಂದ. ಹನ್ನೆರಡನೆಯದು.

ಎರಡನೇ ಚೀಟಿ

ಆ ರಾತ್ರಿಯೇ ನಮ್ಮ ಮನೆಯಲ್ಲಿ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಇದು ದೊಡ್ಡ ಸುದ್ದಿಯೇನಲ್ಲ. ಆದರೆ ಮೂರನೇ ದಿನ ಸಂಜೆ ಅದು ವಾಪಸ್ ಬಂದಾಗ, ಕಾಫಿ ಕುಡಿಯದೆ ಹೋದವರು ನೆನಪಾದರು. ಸ್ವಲ್ಪ ನಾಚಿಕೆಯೂ ಆಯಿತು.

ಮುಂದಿನ ವಾರ ಮತ್ತೆ ಚೀಟಿ ಹಂಚಿದೆ. ಈ ಸಲ ನಿಮ್ಮ ಹೆಸರು ಬರೆಯಬೇಡಿ, ಭಾಷಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದೆ. ಪ್ರಶ್ನೆಯನ್ನೂ ಬದಲಾಯಿಸಿದೆ: ‘ಇತ್ತೀಚೆಗೆ ಯಾರನ್ನು ನೋಡಿ, ನಾನೂ ಹೀಗೇ ಆಗಬೇಕು ಅನ್ನಿಸಿತು? ಅವರು ಆಗ ಏನು ಮಾಡುತ್ತಿದ್ದರು?’

ಕಾರ್ಯಪ್ಪನವರು ಹನ್ನೆರಡರಿಂದ ಒಂದಕ್ಕೆ ಇಳಿದರು. ಅವರ ಜಾಗಕ್ಕೆ ಬಂದವರು ಬೇರೆಯೇ ಜನ. ಮಾಂದಲಪಟ್ಟಿಗೆ ಟೂರಿಸ್ಟರನ್ನು ಕರೆದೊಯ್ಯುವ ಜೀಪ್ ಡ್ರೈವರ್. ಆ ಕೆಸರು ರಸ್ತೆಯಲ್ಲಿ ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾನಂತೆ. ಗಂಡು ಮಕ್ಕಳಲ್ಲಿ ನಾಲ್ವರಿಗೆ ಅವನೇ ಹೀರೋ. ಮಂಗಳೂರಿನಲ್ಲಿ ನರ್ಸಿಂಗ್ ಓದುವ ಅಕ್ಕ. ಅಗ್ನಿವೀರ್‌ಗೆ ಸೇರಬೇಕು ಅಂತ ಬೆಳಗ್ಗೆ ಐದಕ್ಕೇ ಎದ್ದು ರಸ್ತೆಯಲ್ಲಿ ಓಡುವ ಪಕ್ಕದ ಮನೆಯ ಅಣ್ಣ. ರೀಲ್ಸ್ ಮಾಡುವ ಒಬ್ಬ. ಒಬ್ಬ ಹುಡುಗಿ ತನ್ನ ಚಿಕ್ಕಮ್ಮನ ಬಗ್ಗೆ ಬರೆದಿದ್ದಳು. ಎರಡು ಮಕ್ಕಳಾದ ಮೇಲೆ, ಆ ವರ್ಷ ನಾಪೋಕ್ಲಿನಲ್ಲಿ ಚಿಕ್ಕಮ್ಮ ತಮ್ಮ ಕುಟುಂಬದ ಟೀಮಿಗೆ ಹಾಕಿ ಆಡಿದ್ದರಂತೆ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಹಾಕಿ ಹಬ್ಬಕ್ಕೆ 2024ರಲ್ಲಿ 360 ಕುಟುಂಬಗಳು ಬಂದಿದ್ದವು. ಗಂಡಸರು, ಹೆಂಗಸರು, ಮಕ್ಕಳು ಒಂದೇ ಟೀಮಿನಲ್ಲಿ ಆಡಬಹುದು. ‘ಚಿಕ್ಕಮ್ಮ ಬಿದ್ದರು, ಮತ್ತೆ ಎದ್ದು ಓಡಿದರು’ ಅಂತ ಹುಡುಗಿ ಬರೆದಿದ್ದಳು. ಈ ನೆಲದಲ್ಲಿ ಒಲಿಂಪಿಕ್ಸ್ ಹಾಕಿ ಆಡಿದವರಿಗೇನು ಕಮ್ಮಿ ಇಲ್ಲ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ನಮ್ಮ ಸೋಮವಾರಪೇಟೆಯವರೇ ಆದ ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್. ಅವರು ಯಾರೂ ಆ ಚೀಟಿಯಲ್ಲಿರಲಿಲ್ಲ. ಬಿದ್ದು ಎದ್ದ ಚಿಕ್ಕಮ್ಮ ಇದ್ದರು.

ಕರೆಂಟಣ್ಣ ಮತ್ತೆ ಬಂದಿದ್ದರು. ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು.

ಇಲ್ಲಿ ಸ್ವಲ್ಪ ಓದಿನ ಮಾತು. 1997ರಲ್ಲಿ ಪೆನೆಲೋಪಿ ಲಾಕ್‌ವುಡ್ ಮತ್ತು ಝೀವಾ ಕುಂಡಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಕೌಂಟಿಂಗ್ ಓದುವ ವಿದ್ಯಾರ್ಥಿಗಳಿಗೆ ಒಬ್ಬ ಫೈನಲ್ ಇಯರ್ ವಿದ್ಯಾರ್ಥಿಯ ದೊಡ್ಡ ಯಶಸ್ಸಿನ ಕಥೆ ಓದಿಸಿದರು. ಮೊದಲ ವರ್ಷದವರಿಗೆ ಹುಮ್ಮಸ್ಸು ಬಂತು, ನಮಗೂ ಆಗುತ್ತೆ ಅನ್ನಿಸಿತು. ನಾಲ್ಕನೇ ವರ್ಷದವರಿಗೆ ಹಾಗಾಗಲಿಲ್ಲ. ಅವರ ಪಾಲಿಗೆ ಹೊತ್ತು ಮೀರಿ ಹೋಗಿತ್ತು. ಅಂದರೆ ಸಾಧನೆ ದೊಡ್ಡದಾಗಿದ್ದರೆ ಸಾಲದು, ಅಲ್ಲಿಗೆ ಹೋಗುವ ದಾರಿ ನಮ್ಮ ಮನೆ ಬಾಗಿಲಿನಿಂದ ಕಾಣಬೇಕು. ಲೈನ್‌ಮನೆಯ ಹುಡುಗನಿಗೆ ದಂಡನಾಯಕರಾಗುವ ದಾರಿ ಕಾಣುವುದಿಲ್ಲ. ಮನೆ ಮುಂದಿನ ಕಂಬ ಕಾಣುತ್ತದೆ.

ಹೀಗೆಲ್ಲ ಯೋಚಿಸಿ ಖುಷಿಯಾದೆ. ತಪ್ಪು ತಿದ್ದಿಕೊಂಡೆ ಅನ್ನೋ ಉತ್ಸಾಹ ಬೇರೆ. ಅವನ ಮೊದಲಿನ ಚೀಟಿಯನ್ನು ಕೇಳಿ ತಗೊಂಡು, ಬಣ್ಣದ ಹಾಳೆಗೆ ಅಂಟಿಸಿ ಕ್ಲಾಸಿನ ಗೋಡೆಗೆ ಹಾಕಿದೆ. ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಮೊದಲು ನಕ್ಕದ್ದಕ್ಕಿಂತ ಇದು ದೊಡ್ಡ ಎಡವಟ್ಟು ಅಂತ ಆಗ ಹೊಳೆಯಲಿಲ್ಲ.

ಬಿದಿರು

ಎಂಟು ಹತ್ತು ದಿನ ಆಗಿರಬಹುದು. ಬೆಳಗ್ಗೆ ಹುಡುಗ ಸ್ಟಾಫ್ ರೂಮಿಗೆ ಬಂದ. ಮುಖದಲ್ಲಿ ಬೆಳಕು.

‘ಮಿಸ್, ನಿನ್ನೆ ನಮ್ಮ ಲೈನಿನ ಮೇಲೆ ಕೊಂಬೆ ಬಿದ್ದಿತ್ತು. ನಾನೇ ತೆಗೆದೆ.’

‘ಹೇಗೋ?’

‘ಬಿದಿರಲ್ಲಿ ಮಿಸ್. ಎಲ್ಲ ಮನೆಯವರೂ ನೋಡ್ತಾ ಇದ್ರು.’

ಹಸಿ ಬಿದಿರು. ಸುರಿಯುವ ಮಳೆ. ಬರಿಗಾಲು. ಕರೆಂಟ್ ಹೋಗಿದೆ, ಲೈನಿನಲ್ಲಿ ಏನಿರಲ್ಲ ಅಂದುಕೊಂಡಿದ್ದಾನೆ. ಕೊಂಬೆ ತಳ್ಳಿ ಹತ್ತು ನಿಮಿಷಕ್ಕೆ ಎಲ್ಲರ ಮನೆಯಲ್ಲೂ ದೀಪ ಹತ್ತಿದೆ. ಎಲ್ಲರೂ ಇವನಿಂದಲೇ ಕರೆಂಟ್ ಬಂತು ಅಂತ ಹೊಗಳಿದ್ದಾರೆ. ನನಗೆ ಕೈಕಾಲು ತಣ್ಣಗಾಯಿತು. ಆ ಹತ್ತು ನಿಮಿಷ ಹಿಂದೆ ಮುಂದೆ ಆಗಿದ್ದರೆ?

ಬೈದೆ. ಆಮೇಲೆ ನನ್ನನ್ನೇ ಬೈದುಕೊಂಡೆ. ಅವನ ಹೀರೋನನ್ನು ಗೋಡೆಗೆ ಹಾಕಿ ಚಪ್ಪಾಳೆ ಹೊಡೆಸಿದವಳು ನಾನೇ ತಾನೆ?

ಆಲ್ಬರ್ಟ್ ಬಂಡೂರಾ ಅವರ ಗೊಂಬೆ ಪ್ರಯೋಗ ಬಿ.ಎಡ್. ಓದಿದವರಿಗೆಲ್ಲ ಗೊತ್ತು. 1961ರದ್ದು. ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ಮಕ್ಕಳು ನೋಡಿದರು, ತಾವೂ ಹಾಗೇ ಹೊಡೆದರು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದರ ಇನ್ನೊಂದು ಮಗ್ಗುಲು ಈಗ ಹೊಳೆಯಿತು. ಮಕ್ಕಳು ನಕಲು ಮಾಡುವುದು ಕಣ್ಣಿಗೆ ಕಂಡದ್ದನ್ನು. ಕಾಣದೆ ಇರುವುದನ್ನು ಹೇಗೆ ಮಾಡುತ್ತಾರೆ? ಕರೆಂಟಣ್ಣನ ಕೆಲಸದಲ್ಲಿ ಹುಡುಗನಿಗೆ ಕಂಡದ್ದು ಮಳೆ, ಕಂಬ, ಬಿದಿರು, ಜನ ನೋಡುತ್ತಿರುವುದು. ಉಳಿದದ್ದು ಅವನಿಗೆ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

ಅವರು ಬಂದ ದಿನ

ಕರೆಂಟಣ್ಣನನ್ನು ಹುಡುಕುವುದು ಕಷ್ಟವಾಗಲಿಲ್ಲ. ಊರಿನ ಎಲ್ಲರ ಫೋನಿನಲ್ಲೂ ಅವರ ನಂಬರ್ ಇದೆ, ಕರೆಂಟ್ ದೂರಿನ ನಂಬರ್ 1912ಕ್ಕೆ ಮಾಡುವ ಬದಲು ಎಲ್ಲರೂ ಅವರಿಗೇ ಮಾಡುತ್ತಾರೆ. ಒಂದು ಶನಿವಾರ ಬನ್ನಿ ಅಂದೆ. ‘ಶಾಲಿಗೆ ಯಾಕ್ರಿ ಮೇಡಂ, ಮೀಟರ್ ಕೆಟ್ಟದೇನ್ರಿ?’ ಅಂದರು.

ಅವರು ವಿಜಯಪುರ ಕಡೆಯವರು. ಆ ಕಡೆಯಿಂದ ಬಂದು ಈ ಕೆಲಸದಲ್ಲಿರುವವರು ನಮ್ಮಲ್ಲಿ ಸುಮಾರು ಜನ ಇದ್ದಾರೆ. ಕ್ಲಾಸಿನಲ್ಲಿ ಬಾಯಿ ಬಿಟ್ಟ ಕೂಡಲೇ ಮಕ್ಕಳು ಮುಸಿಮುಸಿ ನಕ್ಕರು, ಆ ಭಾಷೆಗೆ. ಅವರೂ ನಕ್ಕರು. ‘ನಮ್ಮೂರಾಗ ಮಳಿ ಬಂದ್ರ ಹಬ್ಬ. ಇಲ್ಲಿ ಬಂದ ಮೊದಲ ವರ್ಷ ಹಬ್ಬ ಮುಗಿಯವಲ್ದು ಅಂತ ಅಳು ಬಂದಿತ್ತು. ಜಿಗಣಿ ಅಂದ್ರ ಏನಂತನೇ ಗೊತ್ತಿರಲಿಲ್ಲ ನನಗ.’

ವೀರರ ನಾಡು ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ. ತಟ್ಟಿಕೊಳ್ಳೋಣ, ಕಾರಣ ಇದೆ. ಆದರೆ ನಮ್ಮ ಹುಡುಗ ಆರಿಸಿಕೊಂಡ ಹೀರೋ ಜೋಳದ ರೊಟ್ಟಿಯ ಊರಿನವರು ಅನ್ನೋದು ನನಗೆ ಯಾಕೋ ತುಂಬ ಇಷ್ಟವಾಯಿತು.

ಅವರು ಮೊದಲು ಚೀಲದಿಂದ ಸಾಮಾನು ತೆಗೆದು ಮೇಜಿನ ಮೇಲಿಟ್ಟರು. ರಬ್ಬರ್ ಗ್ಲೌಸ್, ಬೆಲ್ಟು, ಕಟಿಂಗ್ ಪ್ಲೇಯರ್, ಹೆಲ್ಮೆಟ್. ಆಮೇಲೆ ಫೋನು ತೆಗೆದು ಎಲ್ಲಕ್ಕಿಂತ ಮುಂದೆ ಇಟ್ಟರು.

‘ಇದು ಮೊದಲು’ ಅಂದರು. ‘ಕಂಬ ಹತ್ತೂದು ಕಡೀ ಕೆಲಸ.’

11 ಕೆವಿ, ಅಂದರೆ 11 ಸಾವಿರ ವೋಲ್ಟಿನ ಲೈನಿನ ಕೆಲಸ ಇದ್ದರೆ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ ತಗೊಳ್ಳಬೇಕು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಅಲ್ಲಿಯವರು ಆ ಲೈನ್ ಆಫ್ ಮಾಡಿ, ಯಾರಿಗೆ ಕೊಟ್ಟೆವು, ಎಷ್ಟು ಗಂಟೆಗೆ ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಎಲ್‌ಸಿ ತಗೊಂಡವರೇ ಅದನ್ನು ವಾಪಸ್ ಕೊಡಬೇಕು. ಬೇರೆ ಯಾರು ಫೋನ್ ಮಾಡಿ ‘ಕೆಲಸ ಆಯ್ತು, ಆನ್ ಮಾಡಿ’ ಅಂದರೂ ಮಾಡುವಂತಿಲ್ಲ. ಮನೆಗಳ ಕಡೆ ಹೋಗುವ ಲೈನಾದರೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಹತ್ತಿರ ಸ್ವಿಚ್ ಇಳಿಸಬೇಕು. ಆಮೇಲೂ ಕೈ ಹಾಕುವ ಹಾಗಿಲ್ಲ. ಲೈನಿನಲ್ಲಿ ಕರೆಂಟ್ ಇಲ್ಲ ಅಂತ ಟೆಸ್ಟ್ ಮಾಡಬೇಕು, ಲೈನನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಹಾಕಬೇಕು.

ನಮ್ಮ ಹುಡುಗ ಕೈ ಎತ್ತಿದ. ‘ಸ್ವಿಚ್ ಆಫ್ ಮಾಡಿದ ಮೇಲೆ ಕರೆಂಟ್ ಎಲ್ಲಿಂದ ಬರುತ್ತೆ ಅಣ್ಣಾ?’

‘ನಿಮ್ಮ ಊರಿನ ಹೋಂಸ್ಟೇದಿಂದ ಬರತೈತಿ’ ಅಂದರು.

ಮಕ್ಕಳು ಮತ್ತೆ ನಕ್ಕರು. ಅವರು ನಗಲಿಲ್ಲ. ಕರೆಂಟ್ ಹೋದ ಕೂಡಲೇ ತೋಟದ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ ಜನರೇಟರ್ ಶುರುವಾಗುತ್ತದೆ. ಜನರೇಟರನ್ನೂ ಲೈನನ್ನೂ ಬೇರೆ ಮಾಡುವ ಚೇಂಜ್‌ಓವರ್ ಸ್ವಿಚ್ ಸರಿಯಾಗಿ ಹಾಕಿಸದಿದ್ದರೆ ಆ ಕರೆಂಟು ವಾಪಸ್ ಲೈನಿಗೆ ನುಗ್ಗುತ್ತದೆ. ಟಿಸಿಯಲ್ಲಿ ಹಿಂದುಮುಂದಾಗಿ ಹಾಯ್ದರೆ 11 ಕೆವಿ ಕಡೆಗೂ ಏರುತ್ತದೆ. ಕಂಬದ ಮೇಲಿರುವವರಿಗೆ ಅದು ಕಾಣುವುದಿಲ್ಲ. ಅದಕ್ಕೇ ಅರ್ಥಿಂಗ್ ರಾಡು. ‘ಲೈನ್ ಸತ್ತೈತಿ ಅಂತ ಯಾರ ಹೇಳಿದ್ರೂ ನಾ ನಂಬಂಗಿಲ್ಲ. ನಮ್ಮ ಸಾಹೇಬ್ರು ಹೇಳಿದ್ರೂ ಇಲ್ಲ.’

ಆಮೇಲೆ ಹುಡುಗನ ಕಡೆ ತಿರುಗಿದರು. ಬಿದಿರಿನ ವಿಷಯ ನಾನು ಮೊದಲೇ ಹೇಳಿದ್ದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ‘ಎಷ್ಟ್ ಜನ ನೋಡ್ತಿದ್ರು?’ ಅಂತ ಕೇಳಿದರು. ಹುಡುಗ ತಲೆ ತಗ್ಗಿಸಿ ‘ತುಂಬ ಜನ’ ಅಂದ.

‘ನನ್ನ ಯಾರೂ ನೋಡಂಗಿಲ್ಲ ತಮ್ಮಾ. ರಾತ್ರಿ ಹನ್ನೊಂದಕ್ಕ ತೋಟದಾಗ ಯಾರ ಇರತಾರ? ಆನಿ ಇರತಾವ.’

ಈ ಸಲ ಅವರೂ ನಕ್ಕರು.

ಅವರು ಹೋದ ಮೇಲೆ ಅರ್ಧ ಗಂಟೆ ಉಳಿದಿತ್ತು. ಸುಮ್ನೆ ಮಾತು ಕಾರ್ಯಪ್ಪನವರ ಕಡೆ ಹೋಯಿತು. ನಾನು ಮಕ್ಕಳಿಗೆ 1965ರ ಕಥೆ ಹೇಳಿದೆ. ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಿದ್ದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಜೊತೆ ಒಂದೇ ಸೈನ್ಯದಲ್ಲಿದ್ದವರು. ಬೇಕಾದರೆ ಮಗನನ್ನು ಬಿಡುತ್ತೇವೆ ಅಂತ ಅಯೂಬ್ ಹೇಳಿ ಕಳಿಸಿದಾಗ, ಸೆರೆಯಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಅವನೊಬ್ಬನಿಗೆ ಬೇರೆ ಲೆಕ್ಕ ಬೇಡ ಅಂದರಂತೆ ಕಾರ್ಯಪ್ಪ. ಹನ್ನೆರಡು ಚೀಟಿಗಳಲ್ಲಿ ಒಂದರಲ್ಲೂ ಇದು ಇರಲಿಲ್ಲ. ‘ಆಮೇಲೆ ಮಗ ಬಂದ್ರಾ ಮಿಸ್?’ ಅಂತ ಮೂರು ಜನ ಒಟ್ಟಿಗೆ ಕೇಳಿದರು. ಬಂದರು, ಎಲ್ಲರ ಜೊತೆ ಬಂದರು ಅಂದೆ.

ಅದೇ ಯುದ್ಧದಲ್ಲಿದ್ದ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯನವರ ಕಥೆಯನ್ನೂ ಹೇಳಿದೆ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತದ ಪಕ್ಕವೇ ಬಸ್ಸಿಳಿಯುತ್ತೇವೆ, ಯಾರು ಅಂತ ಕೇಳುವುದಿಲ್ಲ. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯ ದಿನ ಅವರು ಹೋಗಲೇಬೇಕಾದ ಪಟ್ಟಿಯಲ್ಲಿರಲಿಲ್ಲ. ಯಾರದ್ದಾದರೂ ವಿಮಾನ ಕೈಕೊಟ್ಟರೆ ಅಂತ ಇಟ್ಟಿದ್ದ ಬದಲಿ ಪೈಲಟ್. ಒಂದು ಜಾಗ ಖಾಲಿಯಾಯಿತು, ಹೋದರು. ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದುಕೊಂಡು ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿದರು. ವಾಪಸ್ ಬರಲಿಲ್ಲ. ಏನಾಯಿತು ಅಂತ ಎಷ್ಟೋ ವರ್ಷ ಇಲ್ಲಿ ಯಾರಿಗೂ ತಿಳಿಯಲೂ ಇಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಆದ ಮೇಲೆ.

‘ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ’ ಅಂದ ನಮ್ಮ ಹುಡುಗ. ಕೇಳಿದ್ದಲ್ಲ, ತನ್ನಷ್ಟಕ್ಕೇ ಹೇಳಿಕೊಂಡದ್ದು.

ಆಮೇಲೆ

ಭಾಷಣ ಸ್ಪರ್ಧೆಯಲ್ಲಿ ಅವನು ಕರೆಂಟಣ್ಣನ ಬಗ್ಗೆಯೇ ಮಾತಾಡಿದ. ಬಹುಮಾನ ಬರಲಿಲ್ಲ. ಕಲಾಂ ಬಗ್ಗೆ ಮಾತಾಡಿದ ಹುಡುಗಿ ಗೆದ್ದಳು, ಚೆನ್ನಾಗಿಯೇ ಮಾತಾಡಿದ್ದಳು. ತೀರ್ಪುಗಾರರಲ್ಲಿ ಒಬ್ಬರು ನನ್ನ ಹತ್ತಿರ ಬಂದು, ‘ಮಕ್ಕಳಿಗೆ ದೊಡ್ಡ ಕನಸು ಕಾಣೋಕೆ ಕಲಿಸಿ ಟೀಚರ್, ಲೈನ್‌ಮ್ಯಾನ್ ಆಗೋದನ್ನಲ್ಲ’ ಅಂದರು. ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಲೈನ್‌ಮನೆ ಹುಡುಗನಿಗೆ ಹತ್ತಿರದ ಕನಸೇ ಸಾಕು ಅಂತ ನಾವೇ ತೀರ್ಮಾನ ಮಾಡಿಬಿಟ್ಟರೆ ಅದೂ ಮೋಸವೇ. ರೋಹನ್ ಬೋಪಣ್ಣ ಅವನಿಗೆ ಯಾಕೆ ದೂರ ಅಂತ ಕೇಳಿದರೆ, ಟೆನಿಸ್ ಕೋರ್ಟನ್ನೇ ಅವನು ನೋಡಿಲ್ಲ ಅನ್ನೋದೇ ಉತ್ತರ. ತಪ್ಪು ಕನಸಿನದ್ದಲ್ಲ, ಕೋರ್ಟಿನದ್ದು.

ಇನ್ನೊಂದು ಬದಲಾವಣೆ ಆಯಿತು, ನಾನು ಎಣಿಸಿರದ ಕಡೆಯಿಂದ. ಕಿರಿಯ ಪವರ್‌ಮ್ಯಾನ್, ಅಂದರೆ ಲೈನ್‌ಮ್ಯಾನ್ ಕೆಲಸಕ್ಕೆ ಸೇರುವುದು ಹೇಗೆ ಅಂತ ಅವನು ಕರೆಂಟಣ್ಣನನ್ನೇ ಕೇಳಿದ್ದ. ಎಂಟು ಮೀಟರ್ ಕಂಬ ಹತ್ತಿ ತೋರಿಸಬೇಕು ಅಂದಾಗ ‘ಅಷ್ಟೇನಾ’ ಅಂದನಂತೆ. ಆದರೆ ಆಯ್ಕೆಗೆ ಲೆಕ್ಕ ಹಿಡಿಯುವುದು ಎಸ್ಸೆಸ್ಸೆಲ್ಸಿ ಮಾರ್ಕ್ಸು. ಅಲ್ಲಿಯವರೆಗೆ ಗಣಿತದ ಪೀರಿಯಡ್ಡಿನಲ್ಲಿ ಕಿಟಕಿ ನೋಡುತ್ತಿದ್ದವನು ಗಣಿತದ ಸರ್ ಹಿಂದೆ ಬಿದ್ದ. ಅರ್ಧವಾರ್ಷಿಕದಲ್ಲಿ ಪಾಸಾದ. ಹೇಳಿಕೊಳ್ಳುವಂಥ ಮಾರ್ಕ್ಸೇನಲ್ಲ. ಇಂಗ್ಲಿಷಿನಲ್ಲಿ ಮತ್ತೆ ಫೇಲು.

ಜೀಪಿನವನನ್ನು ಬರೆದಿದ್ದ ನಾಲ್ವರಿಗೆ ನಾನು ಏನೂ ಮಾಡಿಲ್ಲ. ಆ ಡ್ರೈವರನ್ನೂ ಕರೆಸಬೇಕು ಅಂತ ಇದೆ. ಒಂದೇ ಕೈಯಲ್ಲಿ ಯಾಕೆ ಓಡಿಸುತ್ತೀರಿ ಅಂತ ಕೇಳಬೇಕು. ‘ಅಮ್ಮ’ ಅಂತ ಬರೆದು ಅಳಿಸಿದವಳ ಹತ್ತಿರ ಮಾತಾಡಲು ಹೋದೆ, ಅವಳು ಬಾಯಿ ಬಿಡಲಿಲ್ಲ. ಅವಳ ಅಮ್ಮ ಅದೇ ವಾರ ಕೂಲಿ ವಿಷಯಕ್ಕೆ ತೋಟದ ಲೆಕ್ಕ ಬರೆಯುವ ರೈಟರ ಜೊತೆ ಜಗಳ ಮಾಡಿ ಗೆದ್ದಿದ್ದರು ಅಂತ ಬೇರೆಯವರಿಂದ ಗೊತ್ತಾಯಿತು. ಆ ಚೀಟಿಯನ್ನು ಜೋಪಾನವಾಗಿ ಇಟ್ಟಿದ್ದೇನೆ.

ಗೋಡೆಯ ಮೇಲಿನ ಬಣ್ಣದ ಹಾಳೆ ಮಳೆಗಾಲ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿದು ಒಂದು ಕಡೆ ಕಿತ್ತುಬಂದಿತ್ತು. ತೆಗೆಯೋಣ ಅಂತ ಹೋದಾಗ ನೋಡಿದೆ. ಹುಡುಗನ ನಾಲ್ಕು ಸಾಲಿನ ಕೆಳಗೆ, ಬೇರೆ ಇಂಕಿನಲ್ಲಿ, ಯಾವಾಗ ಬರೆದನೋ, ಐದನೇ ಸಾಲು ಸೇರಿತ್ತು.

‘ಹತ್ತುವ ಮೊದಲು ಫೋನ್ ಮಾಡುತ್ತಾರೆ.’

ಹೊಸ ಗಮ್‌ಟೇಪು ತಂದು ಅದನ್ನು ಅಲ್ಲೇ ಮತ್ತೆ ಅಂಟಿಸಿದೆ.